ದಕ್ಷಿಣದ ಕಡಲಿಗೆ ಹೊರಡುವ ಕಾಲ

ನನ್ನ ಹಳೆಯ ವಿದ್ಯಾರ್ಥಿಗಳಲ್ಲಿ ಕೆಲವರು ಈಗ ನಿವೃತ್ತಿಯ ಅಂಚಿಗೆ ಬಂದಿದ್ದಾರೆ. ಮಕ್ಕಳು ಆಸ್ಟ್ರೇಲಿಯಾದಲ್ಲಿಯೋ ನ್ಯೂಜಿಲೆಂಡಿನಲ್ಲಿಯೋ ನೆಲೆಸಿರುವುದರಿಂದ ಅತ್ತ ಹೋಗಿಬರುವುದು ಅವರಿಗೆ ಹೊಸದಲ್ಲ. ಹೋದವರು ಹಾಗೆಯೇ ಒಂದು ಹಡಗಿನ ಪ್ರವಾಸವನ್ನೂ ಮಾಡಿ ಬರಬೇಕೆಂದು ಆಸೆಪಡುತ್ತಾರೆ. "ಸಾರ್, ಭೂಮಧ್ಯರೇಖೆಯ ಕೆಳಗಿನ ಕಡಲಿಗೆ ಯಾವ ತಿಂಗಳಲ್ಲಿ ಹೋಗುವುದು ಒಳ್ಳೆಯದು?" ಎಂಬ ಪ್ರಶ್ನೆ ಈಚೆಗೆ ಒಂದೆರಡು ಬಾರಿ ನನ್ನ ಬಳಿಗೂ ಬಂದಿತು. ಹಡಗಿನ ಕಂಪನಿಯವರ ಬಣ್ಣದ ಪುಸ್ತಿಕೆಯಲ್ಲಿ ಇದಕ್ಕೆ ಉತ್ತರವಿದ್ದೇ ಇರುತ್ತದೆ. ಆದರೆ ಆ ಉತ್ತರವನ್ನು ಕಂಡುಕೊಳ್ಳಲು ಮನುಷ್ಯಕುಲ ಎಷ್ಟು ಜೀವಗಳನ್ನು ತೆತ್ತಿತೆಂಬುದು ಅದರಲ್ಲಿ ಇರುವುದಿಲ್ಲ. ಇತಿಹಾಸದ ಮೇಷ್ಟರಿಗೆ ಹೇಳಲು ಉಳಿದಿರುವುದು ಅದೊಂದೇ.

ತರಗತಿಯಲ್ಲಿ ಭೂಗೋಳದ ಪಾಠ ಮಾಡುವಾಗ ಡಿಸೆಂಬರಿನಲ್ಲಿ ಆಸ್ಟ್ರೇಲಿಯಾದಲ್ಲಿ ಬೇಸಿಗೆ ಎಂದರೆ ಹುಡುಗರು ನಗುತ್ತಿದ್ದರು. ನಮ್ಮಲ್ಲಿ ಧನುರ್ಮಾಸದ ಚಳಿ ಮೈ ಕೊರೆಯುವ ಹೊತ್ತಿಗೆ ಸೂರ್ಯನು ಮಕರ ಸಂಕ್ರಾಂತಿವೃತ್ತದ ನೆತ್ತಿಯ ಮೇಲಿರುತ್ತಾನೆ. ನಮ್ಮ ಹಿರಿಯರು ಹೇಳಿದ ದಕ್ಷಿಣಾಯನ ಮುಗಿಯುವುದೆಂದರೆ ಅತ್ತಲಿನವರಿಗೆ ನಡುಬೇಸಿಗೆ. ದಕ್ಷಿಣ ಅಮೆರಿಕದ ತುದಿಯಲ್ಲಿರುವ ಕೇಪ್ ಹಾರ್ನ್ ಭೂಶಿರದಲ್ಲಿ, ಅಂದರೆ ಹತ್ತಿರ ಹತ್ತಿರ 56 ಡಿಗ್ರಿ ದಕ್ಷಿಣ ಅಕ್ಷಾಂಶದಲ್ಲಿ, ಡಿಸೆಂಬರಿನಲ್ಲಿ ಸುಮಾರು 17 ಗಂಟೆ ಹಗಲಿದ್ದರೆ ಜೂನಿನಲ್ಲಿ ಸುಮಾರು 7 ಗಂಟೆ ಮಾತ್ರ. ಅಲ್ಲಿ ಪಡುವಣ ಗಾಳಿಗೆ ಅಡ್ಡ ಬರುವ ನೆಲವೇ ವಿರಳ. ಭೂಗೋಳವನ್ನೇ ಸುತ್ತಿಕೊಂಡು ಬೀಸುವ ಆ ಗಾಳಿ ಎಬ್ಬಿಸುವ ಅಲೆಗಳ ಎದುರಿಗೆ ಹಾಯಿಹಡಗನ್ನು ಪಶ್ಚಿಮಕ್ಕೆ ನಡೆಸಬೇಕು. ಗಾಳಿಯೇನೋ ಬೇಸಿಗೆಯಲ್ಲಿಯೂ ನಿಲ್ಲುವುದಿಲ್ಲ. ಆದರೆ ಕಣ್ಣಿಗೆ ಕಾಣುವ ಬೆಳಕಿರುತ್ತದೆ. ಹಾಯಿ ಕಟ್ಟುವವನ ಬೆರಳು ಮರಗಟ್ಟುವುದಿಲ್ಲ.

ಕಾಲ ನೋಡಿ ಕಡಲಿಗಿಳಿಯುವುದು ನಾವಿಕರಿಗೆ ಯಾರೂ ಹೇಳಿಕೊಡಬೇಕಾದ ವಿದ್ಯೆಯಲ್ಲ. ನಮ್ಮ ಕರಾವಳಿಯ ಮೊಗವೀರರು ಮಳೆಗಾಲದಲ್ಲಿ ದೋಣಿಗಳನ್ನು ದಡಕ್ಕೆಳೆದು, ನೂಲಹುಣ್ಣಿಮೆಯ ಹೊತ್ತಿಗೆ ಸಮುದ್ರರಾಜನಿಗೆ ಹಾಲು, ತೆಂಗಿನಕಾಯಿಗಳನ್ನು ಅರ್ಪಿಸಿದ ಮೇಲೆ ಮತ್ತೆ ಇಳಿಸುವ ಪದ್ಧತಿಯನ್ನು ನೀವೆಲ್ಲ ಬಲ್ಲಿರಿ. ಮೆಗಲನ್ ಕೂಡ ಇದನ್ನು ಬಲ್ಲವನಾಗಿದ್ದನು. 1519ರ ಸೆಪ್ಟೆಂಬರಿನಲ್ಲಿ ಸ್ಪೇನಿನಿಂದ ಐದು ಹಡಗುಗಳೊಡನೆ ಹೊರಟ ಆತ, 1520ರ ಮಾರ್ಚ್ ಕೊನೆಯಲ್ಲಿ ಪೆಟಗೋನಿಯಾದ ಸಾನ್ ಹುಲಿಯನ್ ಎಂಬ ಕೊಲ್ಲಿಯನ್ನು ಸೇರಿ, ಮುಂದೆ ಚಳಿಗಾಲವೆಂದು ಅಲ್ಲಿಯೇ ಲಂಗರು ಹಾಕಿದನು. ಕೆಲವು ದಿನಗಳಲ್ಲಿಯೇ ಅಧಿಕಾರಿಗಳು ದಂಗೆಯೆದ್ದರು. ಅದನ್ನು ಆತ ಕ್ರೂರವಾಗಿಯೇ ಅಡಗಿಸಿದನು. ಶೋಧನೆಗೆಂದು ಮುಂದೆ ಕಳುಹಿಸಿದ ಒಂದು ಹಡಗು ಒಡೆದುಹೋಯಿತು. ಆದರೂ ತಿಂಗಳುಗಟ್ಟಲೆ ಕಾದನು. ವಸಂತ ಬಂದ ಮೇಲೆ, ಅಕ್ಟೋಬರ್ 21ರಂದು ಈಗ ಅವನ ಹೆಸರನ್ನೇ ಹೊತ್ತಿರುವ ಜಲಸಂಧಿಯನ್ನು ಹೊಕ್ಕು ನವೆಂಬರ್ 28ರಂದು ಆಚೆಯ ಮಹಾಸಾಗರಕ್ಕೆ ಹೊರಬಿದ್ದನು. ಕೇಪ್ ಹಾರ್ನನ್ನು ಸುತ್ತಿ ಅದಕ್ಕೆ ತಮ್ಮ ಊರಾದ ಹೋರ್ನ್ ಪಟ್ಟಣದ ಹೆಸರಿಟ್ಟ ಡಚ್ಚರು ಅದನ್ನು ದಾಟಿದ್ದು 1616ರ ಜನವರಿಯಲ್ಲಿ, ನಟ್ಟನಡು ಬೇಸಿಗೆಯಲ್ಲಿ.

ಹೀಗಿದ್ದೂ, ನೂರಿಪ್ಪತ್ತು ವರ್ಷಗಳ ಅನಂತರ ಬ್ರಿಟಿಷ್ ನೌಕಾದಳವು ತನ್ನ ಜನರನ್ನು ಅದೇ ಕಡಲಿಗೆ ತಪ್ಪು ಕಾಲದಲ್ಲಿ ಅಟ್ಟಿತು. ಈ ಪ್ರಸಂಗವನ್ನು ನಾನು ಸ್ವಲ್ಪ ವಿಸ್ತಾರವಾಗಿಯೇ ಹೇಳಬೇಕು.

1739ರಲ್ಲಿ ಬ್ರಿಟನ್ನಿಗೂ ಸ್ಪೇನಿಗೂ ಯುದ್ಧ ಆರಂಭವಾಯಿತು. ಪೆಸಿಫಿಕ್ ತೀರದ ಸ್ಪೇನಿನ ವಸಾಹತುಗಳ ಮೇಲೆ ದಾಳಿ ಮಾಡಲು ಜಾರ್ಜ್ ಆನ್ಸನ್ ಎಂಬ ನಾಯಕನನ್ನು ಆರು ಯುದ್ಧನೌಕೆಗಳು ಮತ್ತು ಎರಡು ಸರಕು ಹಡಗುಗಳೊಡನೆ ಕಳುಹಿಸುವುದೆಂದು ತೀರ್ಮಾನವಾಯಿತು. ಆಜ್ಞಾಪತ್ರ 1740ರ ಆರಂಭದಲ್ಲಿಯೇ ಸಿದ್ಧವಾಗಿತ್ತು. ಆಗಲೇ ಹೊರಟಿದ್ದರೆ ದಾರಿಯಲ್ಲಿ ತಂಗಿ, ಮುಂದಿನ ಬೇಸಿಗೆಯನ್ನು ಹಿಡಿಯಬಹುದಾಗಿತ್ತು. ಆದರೆ ನಾವಿಕರಿಲ್ಲ, ಸೈನಿಕರಿಲ್ಲ, ಆ ಇಲಾಖೆಯಿಂದ ಈ ಇಲಾಖೆಗೆ ಕಾಗದ. ಕಡೆಗೆ ಸೈನಿಕರ ಬದಲಿಗೆ ಚೆಲ್ಸಿ ಆಸ್ಪತ್ರೆಯ ಆಶ್ರಯದಲ್ಲಿದ್ದ, ಪಿಂಚಣಿ ಪಡೆಯುತ್ತಿದ್ದ ವೃದ್ಧರೂ ರೋಗಿಗಳೂ ಆದ ಸುಮಾರು 500 ಮಂದಿಯನ್ನು ಗೊತ್ತುಮಾಡಿದರು. ಅವರಲ್ಲಿ ನಡೆಯಲು ಶಕ್ತಿಯಿದ್ದವರು ಓಡಿಹೋದರು; ಓಡಲಾರದವರನ್ನು ಹಡಗಿಗೆ ಹತ್ತಿಸಲಾಯಿತು. ಅನುಕೂಲವಾದ ಗಾಳಿಗೆ ಕಾದು ಹೊರಡುವಷ್ಟರಲ್ಲಿ ಸೆಪ್ಟೆಂಬರ್ 18 ಆಗಿತ್ತು.

1741ರ ಮಾರ್ಚ್ 7ರಂದು ಅವರು ಕೇಪ್ ಹಾರ್ನ್ ಸಮೀಪದ ಲ ಮೇರ್ ಜಲಸಂಧಿಯನ್ನು ದಾಟಿದರು. ಆ ದಿನ ಆಕಾಶ ನಿರ್ಮಲವಾಗಿತ್ತು. ಕಷ್ಟವೆಲ್ಲ ಕಳೆಯಿತೆಂದೇ ಎಲ್ಲರೂ ಭಾವಿಸಿದ್ದರು. ಆದರೆ ಮಾರ್ಚ್ ಎಂದರೆ ಅಲ್ಲಿ ಶರತ್ಕಾಲ. ಹಗಲು ದಿನದಿನಕ್ಕೆ ಕುಗ್ಗುವ ಹೊತ್ತು. ಅಂದೇ ಎದ್ದ ಬಿರುಗಾಳಿ ವಾರಗಟ್ಟಲೆ ಬಿಡಲಿಲ್ಲ. ರೇಖಾಂಶವನ್ನು ಕರಾರುವಾಕ್ಕಾಗಿ ಅಳೆಯುವ ಉಪಾಯ ಆಗ ಇರಲಿಲ್ಲವಾದ್ದರಿಂದ, ಬಹಳ ದೂರ ಪಶ್ಚಿಮಕ್ಕೆ ಬಂದಿದ್ದೇವೆಂದು ನಂಬಿ ಏಪ್ರಿಲಿನಲ್ಲಿ ಉತ್ತರಕ್ಕೆ ತಿರುಗಿದವರಿಗೆ ರಾತ್ರಿಯ ಬೆಳುದಿಂಗಳಲ್ಲಿ ಕಂಡದ್ದು ಎದುರಿಗೇ ನಿಂತ ಬಂಡೆಯ ದಡ! ಅಷ್ಟು ಹೊತ್ತಿಗೆ ಸ್ಕರ್ವಿ ರೋಗ ಹಡಗುಗಳನ್ನು ಹೊಕ್ಕಿತ್ತು. ನಿಂಬೆ, ನೆಲ್ಲಿಗಳಂಥ ಹಣ್ಣಾಗಲಿ ಹಸಿ ತರಕಾರಿಯಾಗಲಿ ತಿಂಗಳುಗಟ್ಟಲೆ ಸಿಗದಿದ್ದರೆ ಬರುವ ರೋಗವಿದು. ಒಬ್ಬ ಮುದುಕನಿಗೆ 1690ರ ಬಾಯ್ನ್ ಕದನದಲ್ಲಿ ಆಗಿ, ಐವತ್ತು ವರ್ಷಗಳ ಹಿಂದೆಯೇ ಮಾಯ್ದಿದ್ದ ಗಾಯ ಮತ್ತೆ ಬಾಯಿಬಿಟ್ಟಿತೆಂದು ಹಡಗಿನ ಪಾದ್ರಿಯ ಹೆಸರಿನಲ್ಲಿ 1748ರಲ್ಲಿ ಅಚ್ಚಾದ ಗ್ರಂಥದಲ್ಲಿದೆ. ಆನ್ಸನ್ನನ ಸೆಂಚುರಿಯನ್ ಹಡಗೊಂದರಲ್ಲಿಯೇ ಏಪ್ರಿಲಿನಲ್ಲಿ 43 ಮಂದಿ ಸತ್ತರು. ಮೇ ತಿಂಗಳಲ್ಲಿ ಅದರ ಸುಮಾರು ಇಮ್ಮಡಿ. ಎರಡು ಹಡಗುಗಳು ಹಿಂದಿರುಗಿದವು. ವೇಜರ್ ಎಂಬುದು ಮೇ ತಿಂಗಳಲ್ಲಿ ಚಿಲಿಯ ತೀರದಲ್ಲಿ ಒಡೆಯಿತು. ಆನ್ಸನ್ 1743ರಲ್ಲಿ ಫಿಲಿಪ್ಪೀನ್ಸ್ ದ್ವೀಪಗಳ ಬಳಿ ಸ್ಪೇನಿನ ಬೆಳ್ಳಿಯ ಹಡಗನ್ನು ಹಿಡಿದು 1744ರಲ್ಲಿ ತಾಯ್ನಾಡಿಗೆ ಮರಳಿದಾಗ ಲಂಡನ್ನಿನ ಬೀದಿಗಳಲ್ಲಿ ಮೆರವಣಿಗೆ ನಡೆಯಿತು. ಹೊರಟವರು ಸುಮಾರು 1,900. ಸತ್ತವರು ಸುಮಾರು 1,400. ಶತ್ರುವಿನ ಗುಂಡಿಗೆ ಬಲಿಯಾದವರು ಅವರಲ್ಲಿ ಬೆರಳೆಣಿಕೆಯಷ್ಟು.

ಕಡಲು ಕ್ರೂರವೆಂದು ಬರೆದು ಕೈತೊಳೆದುಕೊಳ್ಳುವ ಗ್ರಂಥಗಳನ್ನು ನಾನು ಓದಿದ್ದೇನೆ. ನನಗೆ ಹಾಗೆನ್ನಿಸುವುದಿಲ್ಲ. ಕಡಲು ಪ್ರತಿವರ್ಷ ಆ ಕಾಲದಲ್ಲಿ ಹೇಗಿರುತ್ತದೆಯೋ ಹಾಗೆಯೇ ಇತ್ತು. ಆ ವೃದ್ಧರನ್ನು ಕೊಂದದ್ದು ಮೇಜಿನ ಮೇಲೆ ತಿಂಗಳುಗಟ್ಟಲೆ ಕುಳಿತ ಕಾಗದ. ಕೇಪ್ ಹಾರ್ನನ್ನು ಡಿಸೆಂಬರ್, ಜನವರಿಗಳಲ್ಲಿಯೇ ದಾಟಬೇಕೆಂದು ಆ ಪಾದ್ರಿಯ ಗ್ರಂಥ ಸ್ಪಷ್ಟವಾಗಿ ಹೇಳಿತು. ಅದನ್ನು ಇಂಗ್ಲೆಂಡಿನ ಜನ ಮುಗಿಬಿದ್ದು ಓದಿದರು.

ಓದಿ ಪ್ರಯೋಜನ ಪಡೆದಂತೆ ನಡೆದವನು ಜೇಮ್ಸ್ ಕುಕ್. ತನ್ನ ಮೊದಲ ಯಾನದಲ್ಲಿ ಅವನು ಕೇಪ್ ಹಾರ್ನ್ ದಾಟಿದ್ದು 1769ರ ಜನವರಿಯಲ್ಲಿ. 1772ರಿಂದ 1775ರವರೆಗಿನ ಎರಡನೆಯ ಯಾನವಂತೂ ಋತುಗಳನ್ನು ಮುಂದಿಟ್ಟುಕೊಂಡು ಹಾಕಿದ ವೇಳಾಪಟ್ಟಿಯಂತಿದೆ. 1773ರ ಜನವರಿ 17ರಂದು ಅವನ ಹಡಗುಗಳು ಅಂಟಾರ್ಕ್ಟಿಕ್ ವೃತ್ತವನ್ನು ದಾಟಿದವು. ಅದಕ್ಕೂ ಮೊದಲು ಯಾರೂ ಅದನ್ನು ದಾಟಿದ ದಾಖಲೆಯಿಲ್ಲ. ಚಳಿಗಾಲ ಬಂದೊಡನೆ ಅವನು ದಕ್ಷಿಣವನ್ನು ಬಿಟ್ಟು ಟಹೀಟಿ, ಟೋಂಗಾಗಳ ಕಡೆಗೆ ನಡೆದನು. ಮತ್ತೆ ಬೇಸಿಗೆಯಲ್ಲಿ ಹಿಮದ ಕಡೆಗೆ: 1774ರ ಜನವರಿ 30ರಂದು 71 ಡಿಗ್ರಿ 10 ಮಿನಿಟ್ ದಕ್ಷಿಣ. ಹಿಮದ ಗೋಡೆ ಎದುರಾದಾಗ ಹಿಂದಿರುಗಿದನು. ಆ ವರ್ಷದ ಚಳಿಗಾಲವನ್ನೂ ಉಷ್ಣವಲಯದ ದ್ವೀಪಗಳಲ್ಲಿಯೇ ಕಳೆದನು. ಮುಂದೆ ನೀವು ಟಿಕೆಟ್ ಕೊಳ್ಳುವಾಗ ಈ ವೇಳಾಪಟ್ಟಿಯನ್ನು ನೆನಪಿಡಿ.

ಕುಕ್ಕನ ಮೂರನೆಯ ಯಾನದಲ್ಲಿ ಅವನ ಕೈಕೆಳಗೆ ಕಲಿತವನು ವಿಲಿಯಂ ಬ್ಲೈ. ಇವನಿಗೂ ಕಾಲ ತಿಳಿದಿತ್ತು, ಆದರೆ ಅಪ್ಪಣೆ ಸಿಕ್ಕಲಿಲ್ಲ. ವೆಸ್ಟ್ ಇಂಡೀಸಿನ ತೋಟಗಳಲ್ಲಿ ದುಡಿಯುತ್ತಿದ್ದ ಗುಲಾಮರಿಗೆ ಅಗ್ಗದ ಆಹಾರವಾಗಲೆಂದು ಟಹೀಟಿಯಿಂದ ಜೀಗುಜ್ಜೆಯ ಸಸಿಗಳನ್ನು ತರುವುದು ಅವನ ಕೆಲಸ. (ನಮ್ಮ ದಕ್ಷಿಣ ಕನ್ನಡದ ಮನೆಗಳಲ್ಲಿ ಪೋಡಿ, ಪಲ್ಯ ಮಾಡುವ ಅದೇ ಜೀಗುಜ್ಜೆ, ದೀವಿಹಲಸು ಎಂದೂ ಕರೆಯುತ್ತಾರೆ.) ಕೇಪ್ ಹಾರ್ನ್ ಮಾರ್ಗವಾಗಿ ಹೋಗಬೇಕಾಗಿದ್ದ ಬೌಂಟಿ ಹಡಗಿಗೆ ಅಂತಿಮ ಆಜ್ಞೆ ತಡವಾಗಿ ಬಂದಿತು, ಆ ಮೇಲೆ ಗಾಳಿ ತಿರುಗಿತು. ಅದು ಕಡೆಗೆ ಹೊರಟದ್ದು 1787ರ ಡಿಸೆಂಬರ್ 23ರಂದು. ಹಾರ್ನ್ ಬಳಿ ತಲುಪುವಾಗ ಮತ್ತೆ ಅದೇ ಮಾರ್ಚ್ ಕೊನೆ! ಸುಮಾರು ಒಂದು ತಿಂಗಳು ಹೆಣಗಾಡಿ, 1788ರ ಏಪ್ರಿಲಿನಲ್ಲಿ ಹಡಗನ್ನು ಹಿಂದಕ್ಕೆ ತಿರುಗಿಸಿ, ಆಫ್ರಿಕದ ಗುಡ್ ಹೋಪ್ ಭೂಶಿರವನ್ನು ಸುತ್ತಿ, ಪೂರ್ವದಿಕ್ಕಿನಿಂದ ಹೋಗಬೇಕಾಯಿತು. ಟಹೀಟಿ ಸೇರಿದಾಗ ಅಕ್ಟೋಬರ್ 26. ಸಸಿಗಳನ್ನು ಕಿತ್ತು ಸಾಗಿಸುವ ಸಮಯವೂ ಅದಾಗಿರಲಿಲ್ಲ. ಮುಂದಿನ ದಾರಿಗೆ ಗಾಳಿಯೂ ಅನುಕೂಲವಾಗಿರಲಿಲ್ಲ. ಐದು ತಿಂಗಳಿಗೂ ಹೆಚ್ಚು ಕಾಲ ನಾವಿಕರು ಆ ದ್ವೀಪದಲ್ಲಿ ಕಳೆದರು. ಸ್ನೇಹ ಬೆಳೆಯಿತು, ಸಂಸಾರಗಳೂ ಬೆಳೆದವು. 1789ರ ಏಪ್ರಿಲ್ 4ರಂದು ಸಾವಿರಕ್ಕೂ ಹೆಚ್ಚು ಸಸಿಗಳೊಡನೆ ಹೊರಟು, ಏಪ್ರಿಲ್ 28ರ ಬೆಳಗಿನ ಜಾವ ದಂಗೆ. ಬ್ಲೈ ಮತ್ತು 18 ಮಂದಿಯನ್ನು ತೆರೆದ ದೋಣಿಯಲ್ಲಿ ಇಳಿಸಿದರು. ದಂಗೆಗೆ ಬ್ಲೈಯ ನಾಲಗೆಯೇ ಕಾರಣವೆಂದು ಕೆಲವರು, ಕ್ರಿಶ್ಚಿಯನ್ನನ ಮನಸ್ಸು ಎಂದು ಕೆಲವರು. ಇಬ್ಬರನ್ನೂ ಬಿಟ್ಟು ನಾನು ಪಂಚಾಂಗವನ್ನು ಹಿಡಿಯುತ್ತೇನೆ. ಸಕಾಲಕ್ಕೆ ಹೊರಟಿದ್ದರೆ ಹಾರ್ನ್ ಬಳಿಯ ಆ ತಿಂಗಳೂ, ಆಫ್ರಿಕವನ್ನು ಬಳಸಿದ ಆ ದಾರಿಯೂ ಅವರ ಪಾಲಿಗೆ ಬರುತ್ತಿರಲಿಲ್ಲ. 1791ರಲ್ಲಿ ಬ್ಲೈಯನ್ನು ಮತ್ತೆ ಅದೇ ಕೆಲಸಕ್ಕೆ ಕಳುಹಿಸಿದಾಗ ಅವನು ಮೊದಲೇ ಗುಡ್ ಹೋಪ್ ದಾರಿ ಹಿಡಿದು, ಸಸಿಗಳನ್ನು ವೆಸ್ಟ್ ಇಂಡೀಸಿಗೆ ತಲುಪಿಸಿದನು.

ಈಗ ಪ್ರವಾಸದ ಮಾತು. ದಕ್ಷಿಣಾರ್ಧಗೋಳಕ್ಕೆಲ್ಲ ಒಂದೇ "ಒಳ್ಳೆಯ ಕಾಲ" ಇಲ್ಲ. ಅಲ್ಲಿ ಬೇಸಿಗೆ ಎಂದ ಮಾತ್ರಕ್ಕೆ ಡಿಸೆಂಬರಿನಲ್ಲಿ ಫಿಜಿ, ಟೋಂಗಾ, ವನುವಾಟುಗಳ ಕಡೆ ಹೊರಡುವುದು ಜಾಣತನವಲ್ಲ. ನವೆಂಬರಿನಿಂದ ಏಪ್ರಿಲ್‌ವರೆಗೆ ಅದು ಚಂಡಮಾರುತಗಳ ಕಾಲ. ಆ ದ್ವೀಪಗಳಿಗೆ ಮೇ ತಿಂಗಳಿಂದ ಅಕ್ಟೋಬರ್‌ವರೆಗೆ ಹೋಗಬೇಕು, ಕುಕ್ ಹೋದಂತೆ. ನ್ಯೂಜಿಲೆಂಡಿನ ದಕ್ಷಿಣದ ಕೊಲ್ಲಿಗಳು, ಟಾಸ್ಮೇನಿಯಾ, ಚಿಲಿಯ ತುದಿ, ಇವಕ್ಕೆ ಡಿಸೆಂಬರಿನಿಂದ ಮಾರ್ಚ್‌ವರೆಗೆ.

ಅಂಟಾರ್ಕ್ಟಿಕಕ್ಕೆ ನವೆಂಬರಿನಿಂದ ಮಾರ್ಚ್‌ವರೆಗೆ ಮಾತ್ರ ಪ್ರವಾಸದ ಹಡಗುಗಳು ಹೋಗುತ್ತವೆ. ಹೆಚ್ಚಿನವು ಅರ್ಜೆಂಟೀನಾದ ಉಷುವಾಯ ಬಂದರಿನಿಂದ. ಸೆಪ್ಟೆಂಬರಿನಲ್ಲಿ ಸುಮಾರು 180 ಲಕ್ಷ ಚದರ ಕಿಲೋಮೀಟರ್ ಹರಡಿರುವ ಸಮುದ್ರದ ಹಿಮ, ಫೆಬ್ರುವರಿಯ ಹೊತ್ತಿಗೆ ಸುಮಾರು 30 ಲಕ್ಷಕ್ಕೂ ಕೆಳಗೆ ಇಳಿಯುವುದುಂಟು. ನವೆಂಬರಿನಲ್ಲಿ ಹೋದವರಿಗೆ ಯಾರೂ ತುಳಿಯದ ಹಿಮವೂ ಗೂಡು ಕಟ್ಟುವ ಪೆಂಗ್ವಿನ್‌ಗಳೂ ಕಾಣುತ್ತವೆ. ಜನವರಿಯ ಆಸುಪಾಸಿನಲ್ಲಿ ಮರಿಗಳು. ಫೆಬ್ರುವರಿ, ಮಾರ್ಚ್‌ಗಳಲ್ಲಿ ತಿಮಿಂಗಿಲಗಳು. ವಯಸ್ಸಾದವರಿಗೆ ನಾನು ಜನವರಿಯನ್ನೇ ಹೇಳುವೆನು. ಸುಮಾರು 800 ಕಿಲೋಮೀಟರ್ ಅಗಲದ ಡ್ರೇಕ್ ಜಲಮಾರ್ಗದಲ್ಲಿ ಹೊಟ್ಟೆ ತೊಳಸುವುದಂತೂ ಯಾವ ತಿಂಗಳಲ್ಲಿಯೂ ತಪ್ಪಿದ್ದಲ್ಲ.

ತಿಂಗಳೊಂದನ್ನೇ ನಂಬಿಕೊಂಡರೂ ಸಾಲದೆಂಬುದಕ್ಕೆ ಶಾಕಲ್ಟನ್ ಸಾಕ್ಷಿ. 1914ರ ನವೆಂಬರಿನಲ್ಲಿ ಅವನು ದಕ್ಷಿಣ ಜಾರ್ಜಿಯಾ ದ್ವೀಪವನ್ನು ಸೇರಿದಾಗ, ಈ ವರ್ಷ ಹಿಮ ಬಹಳ ಉತ್ತರಕ್ಕೆ ಬಂದಿದೆಯೆಂದು ಅಲ್ಲಿನ ತಿಮಿಂಗಿಲ ಬೇಟೆಗಾರರು ಎಚ್ಚರಿಸಿದರು. ಒಂದು ತಿಂಗಳು ಕಾದು ಡಿಸೆಂಬರ್ 5ರಂದು ಹೊರಟನು. ಪಂಚಾಂಗದ ಪ್ರಕಾರ ಸರಿಯಾದ ಕಾಲವೇ. ಜನವರಿಯಲ್ಲಿ ಎಂಡ್ಯೂರೆನ್ಸ್ ಹಡಗು ಹಿಮದಲ್ಲಿ ಸಿಕ್ಕಿಕೊಂಡಿತು. 1915ರ ನವೆಂಬರ್ 21ರಂದು ಮುಳುಗಿತು. ಅದರಲ್ಲಿದ್ದ 28 ಮಂದಿಯೂ ಬದುಕಿ ಬಂದದ್ದು ಬೇರೆಯೇ ಒಂದು ಕಥೆ, ಇನ್ನೊಮ್ಮೆ ಬರೆಯುವೆನು. 2022ರ ಮಾರ್ಚಿನಲ್ಲಿ, ಹಿಮ ಅತ್ಯಂತ ಕಡಿಮೆಯಿದ್ದ ಬೇಸಿಗೆಯ ಕೊನೆಯಲ್ಲಿ, ಸುಮಾರು 3,000 ಮೀಟರ್ ಆಳದಲ್ಲಿ ಆ ಹಡಗನ್ನು ಪತ್ತೆಹಚ್ಚಿದರು.

ಅಂಟಾರ್ಕ್ಟಿಕದ ಪ್ರವಾಸಗಳನ್ನು ಜನಪ್ರಿಯಗೊಳಿಸಿದ ಲಾರ್ಸ್ ಎರಿಕ್ ಲಿಂಡ್‌ಬ್ಲಾಡ್ 1966ರಲ್ಲಿ ತನ್ನ ಮೊದಲ ತಂಡವನ್ನು ಕರೆದೊಯ್ದನು. ಅದಕ್ಕೆಂದೇ 1969ರಲ್ಲಿ ಕಟ್ಟಿಸಿದ ಕೆಂಪು ಬಣ್ಣದ ಹಡಗು, ಬೇರೆ ಮಾಲೀಕರ ಕೈಗೆ ಹೋಗಿ ಎಕ್ಸ್‌ಪ್ಲೋರರ್ ಎಂಬ ಹೆಸರಿನಲ್ಲಿ ಓಡಾಡುತ್ತಿದ್ದಾಗ, 2007ರ ನವೆಂಬರ್ 23ರಂದು ಹಿಮಕ್ಕೆ ಬಡಿದು ಮುಳುಗಿತು. ಪ್ರವಾಸದ ಋತು ಆಗತಾನೆ ಆರಂಭವಾಗಿತ್ತು. ಹಗಲು ದೀರ್ಘವಾಗಿತ್ತು, ಹತ್ತಿರದಲ್ಲಿ ಬೇರೆ ಹಡಗುಗಳಿದ್ದವು. ತೆರೆದ ದೋಣಿಗಳಲ್ಲಿ ಕೆಲವು ಗಂಟೆ ಚಳಿಯಲ್ಲಿ ನಡುಗಿದ 154 ಮಂದಿಯನ್ನೂ ನಾರ್ವೆಯ ಹಡಗೊಂದು ಹತ್ತಿಸಿಕೊಂಡಿತು.