ಕರಾರು ಮತ್ತು ತಕರಾರು

1875ರ ಮೇ 12ರಂದು ಪುಣೆ ಜಿಲ್ಲೆಯ ಸುಪೆ ಎಂಬ ಸಂತೆಯೂರಿನಲ್ಲಿ ಸುತ್ತಲ ಹಳ್ಳಿಗಳ ರೈತರು ಸೇರಿ ಸಾಹುಕಾರರ ಅಂಗಡಿಗಳಿಗೆ ನುಗ್ಗಿದರು. ದವಸ ಲೂಟಿಯಾಯಿತು, ಕೆಲವೆಡೆ ಮನೆಗಳೂ ಉರಿದವು. ಆದರೆ ಅವರು ಮುಖ್ಯವಾಗಿ ಹುಡುಕಿದ್ದು ಕಾಗದವನ್ನು. ಲೆಕ್ಕದ ವಹಿ, ಸಾಲಪತ್ರ, ಸಿಕ್ಕಿದ್ದೆಲ್ಲ ಬೆಂಕಿಗೆ ಬಿತ್ತು. ದಖ್ಖನ್ ದಂಗೆ ಎಂದು ಹೆಸರಾದ ಈ ಘಟನೆ ಎರಡು ತಿಂಗಳಲ್ಲಿ ಮೂವತ್ತಕ್ಕೂ ಹೆಚ್ಚು ಹಳ್ಳಿಗಳಿಗೆ ಹಬ್ಬಿತು.

ಅದರ ಮೊದಲ ಸುಳಿವು ಸಿಕ್ಕಿದ್ದು ಐದು ತಿಂಗಳ ಹಿಂದೆ, ಶಿರೂರು ತಾಲೂಕಿನ ಕರ್ಡೆ ಗ್ರಾಮದಲ್ಲಿ. ಕನ್ನಡಿಗರಿಗೆ ಶಿರೂರು ಎಂದರೆ ಬೈಂದೂರಿನ ಬಳಿಯದೋ ಬಾಗಲಕೋಟೆಯದೋ ನೆನಪಾಗಬಹುದು. ಇದು ಘೋಡ್ ನದಿಯ ದಂಡೆಯ ಮರಾಠಿ ಶಿರೂರು. 1874ರ ಡಿಸೆಂಬರಿನಲ್ಲಿ ಕರ್ಡೆಯ ಜನ ಸಾಹುಕಾರರಿಗೆ ಬಹಿಷ್ಕಾರ ಹಾಕಿದರು. ಕ್ಷೌರಿಕ ಕ್ಷೌರ ಮಾಡಲಿಲ್ಲ, ಆಳುಗಳು ಕೆಲಸಕ್ಕೆ ಹೋಗಲಿಲ್ಲ.

ಭಾರತದ ಕರಾರು ಕಾಯ್ದೆ ಜಾರಿಗೆ ಬಂದು ಆಗಿನ್ನೂ ಎರಡು ವರ್ಷ ದಾಟಿತ್ತಷ್ಟೇ. 1872ರ ಆ ಕಾಯ್ದೆ ಕೊಡುವ ವ್ಯಾಖ್ಯೆ ಚಿಕ್ಕದು: ಕಾನೂನಿನಿಂದ ಜಾರಿಗೊಳಿಸಬಹುದಾದ ಒಪ್ಪಂದವೇ ಕರಾರು. ಮಾತಿಗೆ ಮಾತು ಒಪ್ಪಿದರೆ ಒಪ್ಪಂದ; ಅದರ ಬೆನ್ನಿಗೆ ಕೋರ್ಟು ನಿಂತರೆ ಕರಾರು.

'ಒಪ್ಪಂದ' ಕನ್ನಡದ 'ಒಪ್ಪು' ಧಾತುವಿನ ಮಗು. 'ಕರಾರು' ಹುಟ್ಟಿದ್ದು ಅರಬ್ಬಿಯಲ್ಲಿ, ಬೆಳೆದದ್ದು ಪಾರಸಿ ದಫ್ತರುಗಳಲ್ಲಿ. ಅದರ ಮೂಲಾರ್ಥ ನೆಲೆ, ನಿಲುಗಡೆ, ನೆಮ್ಮದಿ. ಹಿಂದಿ ಹಾಡುಗಳ 'ಬೇಕರಾರ್' ಮನಸ್ಸು ನೆಮ್ಮದಿ ಇಲ್ಲದ್ದು. ನಮ್ಮ 'ಕರಾರುವಾಕ್ಕು' ಕೂಡ ಇದೇ ಮನೆತನದ್ದು. ಅಲ್ಲಿನ 'ವಾಕ್ಕು' ಸಂಸ್ಕೃತದ ಮಾತಲ್ಲ, ನಿಜ ಎಂಬರ್ಥದ 'ವಾಕೈ'. ಹೊಯ್ದಾಡುತ್ತಿದ್ದ ವಿಷಯವೊಂದು ನೆಲೆ ನಿಂತಿತು ಎಂಬುದೇ ಕರಾರಿನ ಒಳಗಿನ ಚಿತ್ರ.

'ತಕರಾರು' ಇದರ ಮಗ್ಗುಲಲ್ಲೇ ಕೂತಿದ್ದರೂ ನೆಂಟನಲ್ಲ. ಅರಬ್ಬಿಯಲ್ಲಿ ಎರಡರ 'ಕ' ಬೇರೆ ಬೇರೆ: ಕರಾರಿನದು ಗಂಟಲಾಳದ್ದು, ತಕರಾರಿನದು ಸಾಮಾನ್ಯವಾದದ್ದು. ಕನ್ನಡ ಲಿಪಿಯಲ್ಲಿ ಆ ಭೇದ ಅಳಿಸಿಹೋಯಿತು. 'ತಕರಾರ್' ಎಂದರೆ ಮೂಲದಲ್ಲಿ ಜಗಳವೂ ಅಲ್ಲ, ಪುನರಾವರ್ತನೆ. ಹೇಳಿದ್ದನ್ನೇ ಮತ್ತೆ ಮತ್ತೆ ಹೇಳಿದಾಗ ಆಗುವುದು ವಾದ ತಾನೇ?

ಶಿರೂರಿನ ಸೀಮೆಯಲ್ಲಿ ಕರಾರು ಕೆಟ್ಟದ್ದು ಇಂಥ ಪುನರಾವರ್ತನೆಯಿಂದಲೇ. 1855ರ ಕಾಯ್ದೆ ಬಡ್ಡಿಯ ದರಕ್ಕಿದ್ದ ಮಿತಿಯನ್ನು ತೆಗೆದುಹಾಕಿತ್ತು. 1859ರ ಕಾಲಮಿತಿ ಕಾನೂನು ಸಾಲಪತ್ರಕ್ಕೆ ಮೂರು ವರ್ಷದ ಆಯಸ್ಸು ಕೊಟ್ಟಿತು. ಬಡ್ಡಿ ಬೆಳೆಯದಿರಲಿ ಎಂಬುದು ಉದ್ದೇಶ. ಸಾಹುಕಾರ ಕಂಡುಕೊಂಡ ದಾರಿ ಸುಲಭದ್ದು: ಮೂರು ವರ್ಷ ತುಂಬುವ ಮುಂಚೆ ಹೊಸ ಪತ್ರ ಬರೆಸುವುದು. ಹಳೆಯ ಅಸಲು, ಬಾಕಿ ಬಡ್ಡಿ ಎರಡೂ ಕೂಡಿ ಹೊಸ ಅಸಲು. ಬಡ್ಡಿ ಅಸಲನ್ನು ಮೀರಬಾರದು ಎಂಬ ಹಳೆಯ 'ದಾಮದುಪ್ಪಟ್' ನಿಯಮ ಇದ್ದೂ ಇಲ್ಲದಂತಾಯಿತು. ಬಡ್ಡಿಯೇ ಅಸಲಿನ ವೇಷ ಹಾಕಿತ್ತಲ್ಲ! ನೂರು ರೂಪಾಯಿ ಸಾಲಕ್ಕೆ ಎರಡು ಸಾವಿರಕ್ಕೂ ಮೀರಿ ಬಡ್ಡಿ ಹಾಕಿದ ಪ್ರಕರಣವನ್ನು ದಂಗೆಯ ತನಿಖಾ ಆಯೋಗವೇ ದಾಖಲಿಸಿತು.

ಅಮೆರಿಕದ ಅಂತರ್ಯುದ್ಧದ ಕಾಲದಲ್ಲಿ ಹತ್ತಿಗೆ ಬಂಗಾರದ ಬೆಲೆ ಬಂದಾಗ ಸಾಲ ಧಾರಾಳವಾಗಿ ಸಿಕ್ಕಿತ್ತು. 1865ರಲ್ಲಿ ಯುದ್ಧ ಮುಗಿದು ಬೆಲೆ ಕುಸಿಯಿತು. ಸಾಲದ ಒರತೆ ಬತ್ತಿತು. ಅದರ ಮೇಲೆ ಕಂದಾಯವೂ ಏರಿತು. ಓದು ಬಾರದ ರೈತ, ಪತ್ರದಲ್ಲಿ ಏನಿದೆಯೆಂದು ತಿಳಿಯದೆ ಹೆಬ್ಬೆಟ್ಟು ಒತ್ತುತ್ತಿದ್ದ. ಒತ್ತದಿದ್ದರೆ ಬಿತ್ತನೆಗೆ ಕಾಳಿಲ್ಲ. ಕರಾರಿಗೆ ಮುಕ್ತ ಸಮ್ಮತಿ ಬೇಕೆಂದು 1872ರ ಕಾಯ್ದೆಯೇ ಹೇಳುತ್ತಿತ್ತು. ಆದರೆ ಕೋರ್ಟಿನ ಮೇಜಿನ ಮೇಲೆ ಕಾಣುತ್ತಿದ್ದುದು ಹೆಬ್ಬೆಟ್ಟಿನ ಗುರುತು ಮಾತ್ರ. ಹಸಿವಿನ ಗುರುತು ಕಾಗದದ ಮೇಲೆ ಮೂಡುವುದಿಲ್ಲ.

ಆಯೋಗದ ವರದಿಯ ಬೆನ್ನಿಗೆ 1879ರಲ್ಲಿ ದಖ್ಖನ್ ಕೃಷಿಕರ ಪರಿಹಾರ ಕಾಯ್ದೆ ಬಂತು. ಮೊದಲು ಅನ್ವಯವಾದದ್ದು ಪುಣೆ, ಸಾತಾರಾ, ಸೊಲ್ಲಾಪುರ, ಅಹ್ಮದ್‌ನಗರ ಎಂಬ ನಾಲ್ಕು ಜಿಲ್ಲೆಗಳಿಗೆ. ನ್ಯಾಯಾಧೀಶ ಪತ್ರದ ಬೆನ್ನ ಹಿಂದೆ ಹೋಗಿ ಸಾಲದ ಚರಿತ್ರೆಯನ್ನು ಮೊದಲಿನಿಂದ ಕೇಳಬಹುದಾಯಿತು. ಅಸಲನ್ನೂ ಬಡ್ಡಿಯನ್ನೂ ಬೇರ್ಪಡಿಸಿ ಲೆಕ್ಕ ಹಾಕಬೇಕಾಯಿತು. ರೈತ ಬರೆದುಕೊಡುವ ಪತ್ರಗಳಿಗೆ ಗ್ರಾಮ ರಿಜಿಸ್ಟ್ರಾರನ ಮೇಲ್ವಿಚಾರಣೆ ಬಂತು. ಸಾಲದ ಡಿಕ್ರಿಗಾಗಿ ರೈತನನ್ನು ಜೈಲಿಗೆ ಹಾಕುವುದು ನಿಂತಿತು. 1899ರ ತಿದ್ದುಪಡಿ ಕರಾರು ಕಾಯ್ದೆಗೇ ಒಂದು ಮಾತು ಸೇರಿಸಿತು: ಎದುರಿನವನ ಇಚ್ಛೆಯನ್ನು ಹಿಡಿತದಲ್ಲಿಟ್ಟುಕೊಳ್ಳಬಲ್ಲವನು ಮಾಡಿಕೊಂಡ ಒಪ್ಪಂದ ಮೇಲ್ನೋಟಕ್ಕೇ ಅನ್ಯಾಯವೆನಿಸಿದರೆ, ತಾನು ಬಲಪ್ರಭಾವ ಬೀರಿಲ್ಲವೆಂದು ಅವನೇ ಸಾಬೀತುಪಡಿಸಬೇಕು.

ಕರಾರೆಂದರೆ ನೆಲೆ ನಿಂತದ್ದು. ಆದರೆ ಒಬ್ಬನ ಪಾಲಿಗಷ್ಟೇ ನೆಲೆ ನಿಂತು, ಇನ್ನೊಬ್ಬನ ಕಾಲ ಕೆಳಗಿನ ನೆಲವನ್ನೇ ಕೊಚ್ಚಿಕೊಂಡು ಹೋಗುವ ಕಾಗದಕ್ಕೆ ಆ ಹೆಸರು ಒಪ್ಪುವುದೇ? ಕರ್ಡೆಯ ಜನ ಅರಬ್ಬಿ ಬಲ್ಲವರಲ್ಲ, ಕಾಯ್ದೆ ಓದಿದವರಲ್ಲ. ಈ ಪ್ರಶ್ನೆಯನ್ನು ಕಾನೂನಿನ ಮುಂದೆ ತಂದು ನಿಲ್ಲಿಸಿದವರಲ್ಲಿ ಅವರು ಮೊದಲಿಗರು.