ಕಂಠಧಮನಿಗಳ ದರ್ಶನ

ಕತ್ತಿನ ಇಕ್ಕೆಲಗಳಿಂದ ಮಿದುಳಿಗೆ ಏರುವ ಧಮನಿಗಳನ್ನು ಜೀವಂತ ಶರೀರದಲ್ಲಿಯೇ ಕಾಣಬೇಕೆಂಬ ವೈದ್ಯರ ಬಯಕೆ ಕೈಗೂಡಿದುದು 1927ರಲ್ಲಿ, ಲಿಸ್ಬನ್ ನಗರದಲ್ಲಿ. ಅಲ್ಲಿಯ ನರರೋಗತಜ್ಞ ಏಗಸ್ ಮೋನಿಜ್ ಅವರು ರೋಗಿಯ ಕತ್ತನ್ನು ಕೊಯ್ಯಿಸಿ, ಧಮನಿಯೊಳಕ್ಕೆ ಸೋಡಿಯಂ ಅಯೊಡೈಡಿನ ದ್ರಾವಣವನ್ನು ಹೊಗಿಸಿ, ಕ್ಷ-ಕಿರಣಗಳಿಂದ ಅದರ ಛಾಯೆಯನ್ನು ಪಡೆದರು. ಪಾರ್ಶ್ವವಾಯುವಿನ ಮೂಲವು ಅನೇಕ ವೇಳೆ ಕತ್ತಿನ ಈ ಧಮನಿಯ ಅಡಚಣೆಯಲ್ಲಿದೆಯೆಂದು 1951ರಲ್ಲಿ ಮಾಂಟ್ರಿಯಲ್ಲಿನ ಮಿಲ್ಲರ್ ಫಿಷರ್ ಅವರು ತೋರಿಸಿಕೊಟ್ಟರು. 1954ರಲ್ಲಿ ಲಂಡನ್ನಿನ ಸೇಂಟ್ ಮೇರಿ ಆಸ್ಪತ್ರೆಯ ಶಸ್ತ್ರವೈದ್ಯರು ಕಿರಿದಾದ ಭಾಗವನ್ನು ತೆಗೆದು ರಕ್ತಮಾರ್ಗವನ್ನು ಮರಳಿ ಕೂಡಿಸಿದರು. ರೋಗಲಕ್ಷಣಗಳು ಕಂಡಿದ್ದವರಲ್ಲಿ ಧಮನಿಯು ಶೇಕಡ 70 ಅಥವಾ ಅದಕ್ಕೂ ಹೆಚ್ಚು ಕಿರಿದಾಗಿದ್ದರೆ ಶಸ್ತ್ರಚಿಕಿತ್ಸೆ ಹಿತಕರವೆಂದು ಉತ್ತರ ಅಮೆರಿಕದ ಪರೀಕ್ಷೆಯೊಂದು 1991ರಲ್ಲಿ ಸ್ಥಾಪಿಸಿದ ಬಳಿಕವಂತೂ, ಚಿತ್ರದಿಂದ ಅಳೆದ ಒಂದು ಅಂಕೆಯೇ ರೋಗಿಯ ಭವಿತವ್ಯವನ್ನು ನಿರ್ಣಯಿಸತೊಡಗಿತು.

ಆದರೆ ಧಮನಿಯೊಳಗೆ ನಳಿಕೆಯಿಟ್ಟು ತೆಗೆಯುವ ಚಿತ್ರವೇ ಕೆಲವೊಮ್ಮೆ ಪಾರ್ಶ್ವವಾಯುವನ್ನು ತರುತ್ತಿದ್ದುದರಿಂದ, 1980ರ ದಶಕದಲ್ಲಿ ಬೆಳೆದ ಕಾಂತೀಯ ಅನುರಣನದ ವಿಧಾನವು ವರವೆನಿಸಿತು. ಅದರ ತತ್ತ್ವ ಸರಳವಾದುದು: ನಿಶ್ಚಲವಾದ ಮಾಂಸವು ರೇಡಿಯೋ ತರಂಗಗಳ ಮರುಮರುಪ್ರಹಾರದಿಂದ ಮಂಕಾಗುತ್ತದೆ, ಹೊರಗಿನಿಂದ ಹೊಸದಾಗಿ ಹರಿದು ಬರುವ ರಕ್ತವು ಬೆಳಗುತ್ತದೆ. ಯಂತ್ರವು ಕಾಣುವುದು ನಾಳವನ್ನಲ್ಲ, ಚಲನೆಯನ್ನು. ಅದರ ಭ್ರಾಂತಿಗಳಲ್ಲಿ ಹೆಚ್ಚಿನವು ಹುಟ್ಟುವುದು ಇಲ್ಲಿಯೇ.

ಕಿರಿದಾದೆಡೆಯನ್ನು ದಾಟಿದ ರಕ್ತವು ಸುಳಿಸುಳಿಯಾಗಿ ಸುತ್ತುವಾಗ ಅದರ ಸಂಕೇತಗಳು ಒಂದನ್ನೊಂದು ಅಳಿಸಿಹಾಕುವುದರಿಂದ, ರೋಗವು ಇರುವುದಕ್ಕಿಂತ ಉಗ್ರವಾಗಿ ತೋರುತ್ತದೆ. ನೂಲಿನಂತೆ ನಿಧಾನವಾಗಿ ಹರಿಯುವ ರಕ್ತವು ಮಾಂಸದಂತೆಯೇ ಮಂಕಾಗಿ, ತೆರೆದ ಧಮನಿಯು ಮುಚ್ಚಿದಂತೆ ಕಂಡು, ಪೂರ್ಣ ಮುಚ್ಚಿದುದಕ್ಕೆ ಶಸ್ತ್ರಕ್ರಿಯೆ ವ್ಯರ್ಥವೆಂಬ ನಿಯಮದಂತೆ ರೋಗಿಯು ಚಿಕಿತ್ಸೆಯಿಂದ ವಂಚಿತನಾಗುವ ಸಂಭವವುಂಟು. ತದ್ವಿರುದ್ಧವಾಗಿ, ಧಮನಿಯ ಭಿತ್ತಿಯೊಳಗೆ ಸೋರಿ ನಿಂತ ರಕ್ತವು ತಾನೇ ಹೊಳೆದು, ಹರಿವಿನ ವೇಷವನ್ನು ತಾಳುತ್ತದೆ. ಸಿರೆಗಳ ಕೆಳಹರಿವನ್ನು ಅಳಿಸಲು ಮಾಡಿದ ಏರ್ಪಾಡು, ತೋಳಿನ ಧಮನಿಯ ಅಡಚಣೆಯಿಂದಾಗಿ ಹಿಮ್ಮುಖವಾಗಿ ಇಳಿಯುವ ಕಶೇರುಧಮನಿಯ ರಕ್ತವನ್ನೂ ಅಳಿಸಿ, ತೆರೆದ ನಾಳವನ್ನು ಮುಚ್ಚಿದ ನಾಳವೆಂದು ಸಾರುತ್ತದೆ.

1990ರ ದಶಕದಲ್ಲಿ ಗ್ಯಾಡೊಲಿನಿಯಂ ಔಷಧವನ್ನು ತೋಳಿನ ಸಿರೆಗೆ ಕೊಟ್ಟು ರಕ್ತವನ್ನೇ ಬೆಳಗಿಸುವ ಕ್ರಮ ಬಂದಿತು. ಇದರಿಂದ ಹಲವು ದೋಷಗಳು ತಗ್ಗಿದರೂ, ಕೆಲವು ಕ್ಷಣ ತಡವಾದರೆ ಕತ್ತಿನ ಸಿರೆಯೂ ಬೆಳಗಿ ಧಮನಿಯನ್ನು ಮರೆಮಾಡುವ ಹೊಸ ತೊಡಕೊಂದು ಸೇರಿಕೊಂಡಿತು.

ಆದುದರಿಂದಲೇ ಅನುಭವಿಗಳು, ಯಂತ್ರವು ಪೋಣಿಸಿಕೊಟ್ಟ ಸುಂದರ ಚಿತ್ರಕ್ಕೆ ಮರುಳಾಗದೆ ಮೂಲದ ಒಂದೊಂದು ಪದರವನ್ನೂ ಪರಿಶೀಲಿಸಿ, ಶ್ರವಣಾತೀತ ಧ್ವನಿಯ ಪರೀಕ್ಷೆಯೊಡನೆ ತಾಳೆನೋಡಿ, ಎರಡೂ ಒಪ್ಪಿದಾಗ ಮಾತ್ರ ನಿರ್ಣಯಕ್ಕೆ ಬರುವ ಪದ್ಧತಿಯನ್ನು ರೂಢಿಸಿದರು. ಹೊಸ ಸಾಧನವೊಂದು ಹಳೆಯ ಭ್ರಾಂತಿಯನ್ನು ನೀಗಿ ತನ್ನದೇ ಆದ ಮತ್ತೊಂದನ್ನು ತರುತ್ತದೆಂಬುದು ಈ ಚರಿತ್ರೆಯ ಪಾಠ. ಬೆಳಕು ಯಾವುದರಿಂದ ಹುಟ್ಟಿತೆಂದು ವಿಚಾರಿಸದೆ ಶೇಕಡ 70 ಎಂದು ಬರೆಯುವ ಅಧಿಕಾರ ಯಾವ ವೈದ್ಯನಿಗೂ ಇಲ್ಲ.