ಅಲ್ಯೂಮಿನಿಯಮಿನ ಕವಚ

ಅಲ್ಯೂಮಿನಿಯಮ್ ಪಾತ್ರೆಗೆ ತುಕ್ಕು ಹಿಡಿಯುವುದಿಲ್ಲವೆಂದು ನಮ್ಮ ಮನೆಗಳಲ್ಲಿ ಹೇಳುವುದುಂಟು. ಹುಳಿಯನ್ನು ರಾತ್ರಿಯೆಲ್ಲ ಅದರಲ್ಲಿ ಬಿಟ್ಟ ಗೃಹಿಣಿಗೆ ಮಾತ್ರ ಈ ಮಾತು ಎಷ್ಟರಮಟ್ಟಿಗೆ ನಿಜವೆಂಬುದು ಗೊತ್ತು. ಬೆಳಗಾಗುವಷ್ಟರಲ್ಲಿ ಹೊಳಪು ಅಡಗಿರುತ್ತದೆ. ಕಾಲ ಕಳೆದಂತೆ ತಳದಲ್ಲಿ ಸಣ್ಣ ಸಣ್ಣ ಕುಳಿಗಳು ಕಾಣುತ್ತವೆ. ಪಾತ್ರೆ ತೂತಾದರೆ ಹೊಸದನ್ನು ಕೊಳ್ಳಬಹುದು. ಆದರೆ ಅದೇ ಲೋಹದಿಂದ ವಿಮಾನದ ರೆಕ್ಕೆಯನ್ನೋ ಬಂದೂಕಿನ ಒಡಲನ್ನೋ ಮಾಡಿದಾಗ ಆ ಕುಳಿಯು ಪ್ರಾಣದ ಪ್ರಶ್ನೆಯಾಗುತ್ತದೆ.

ಈ ಲೋಹ ನಮ್ಮ ಸೀಮೆಗೆ ಬಂದದ್ದು ಅಡುಗೆಮನೆಯ ಬಾಗಿಲಿನಿಂದಲೇ. 1898ರಲ್ಲಿ ಮದರಾಸಿನ ಕಲಾಶಾಲೆಯಲ್ಲಿ ಅಲ್ಯೂಮಿನಿಯಮ್ ಪಾತ್ರೆಗಳ ತಯಾರಿಕೆಗೆ ತೊಡಗಿದ ಆಲ್ಫ್ರೆಡ್ ಚಾಟರ್ಟನ್ ಅವರು ಮುಂದೆ ಮೈಸೂರು ಸಂಸ್ಥಾನದ ಕೈಗಾರಿಕಾ ಇಲಾಖೆಯ ಮುಖ್ಯಾಧಿಕಾರಿಗಳಾದರು. 1940ರಲ್ಲಿ ವಾಲ್‌ಚಂದ್ ಹೀರಾಚಂದ್ ಅವರು ಮೈಸೂರು ಸರ್ಕಾರದೊಡನೆ ಕೂಡಿ ಬೆಂಗಳೂರಿನ ಪೂರ್ವದಲ್ಲಿ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ ಅದೇ ಲೋಹ ಮಾರತ್ತಹಳ್ಳಿಯ ನೆರೆಯಲ್ಲಿ ಆಕಾಶಕ್ಕೇರಿತು.

ಯುದ್ಧದ ಮಧ್ಯೆ, 1943ರಲ್ಲಿ, ಈ ಕಾರ್ಖಾನೆಯು ಅಮೆರಿಕದ ವಾಯುಸೇನೆಯ ದುರಸ್ತಿ ಕೇಂದ್ರವಾಯಿತು. ಅಲ್ಲಿಗೆ ಬಂದ ವಿಮಾನಗಳಲ್ಲಿ ಕ್ಯಾಟಲೀನಾ ಎಂಬ ಹಾರುವ ದೋಣಿಗಳೂ ಇದ್ದವು. ಅವು ಇಳಿಯುತ್ತಿದ್ದುದು ಮಾರತ್ತಹಳ್ಳಿಗೆ ಸಮೀಪದ ಬೆಳ್ಳಂದೂರು ಕೆರೆಯಲ್ಲಿ. ಕಡಲಿನ ಮೇಲೆ ದುಡಿದು ಬಂದ ಅಲ್ಯೂಮಿನಿಯಮ್ ಮೈಗೆ ಉಪ್ಪಿಗಿಂತ ದೊಡ್ಡ ಹಗೆಯಿಲ್ಲ. ಇದರ ಕಾರಣವನ್ನು ತಿಳಿಯಬೇಕಾದರೆ ಲೋಹದ ಸ್ವಭಾವವನ್ನು ಸ್ವಲ್ಪ ವಿಚಾರಿಸಬೇಕು.

ಕಬ್ಬಿಣದ ತುಕ್ಕು ಹಕ್ಕಳೆಯಾಗಿ ಉದುರಿ ಒಳಗಿನ ಲೋಹವನ್ನು ಬಯಲಿಗಿಡುತ್ತದೆ. ಅಲ್ಯೂಮಿನಿಯಮ್ ಹಾಗಲ್ಲ. ಗಾಳಿ ಸೋಕಿದ ಕ್ಷಣದಲ್ಲೇ ಆಮ್ಲಜನಕದೊಡನೆ ಕೂಡಿ ತನ್ನ ಮೇಲೆ ತಾನೇ ಒಂದು ಪೊರೆಯನ್ನು ಹೊದ್ದುಕೊಳ್ಳುತ್ತದೆ. ಒಂದು ಮಿಲಿಮೀಟರನ್ನು ಹತ್ತು ಲಕ್ಷ ಪಾಲು ಮಾಡಿದರೆ ಈ ಪೊರೆಯ ದಪ್ಪ ಅದರಲ್ಲಿ ನಾಲ್ಕಾರು ಪಾಲು ಮಾತ್ರ. ಆದರೂ ಬಿಗಿಯಾಗಿ ಅಂಟಿಕೊಂಡು ಒಳಗಿನದನ್ನು ಕಾಯುತ್ತದೆ. ಹುಳಿ, ಕ್ಷಾರ, ಉಪ್ಪುಗಳು ಇದನ್ನು ಭೇದಿಸುತ್ತವೆ. ಶುದ್ಧ ಲೋಹವಾದರೆ ಹೇಗೋ ತಡೆದೀತು. ಆದರೆ ಶುದ್ಧ ಲೋಹ ಮೆದುವಾದದ್ದು, ವಿಮಾನಕ್ಕೆ ಒದಗದು. 1906ರಲ್ಲಿ ಜರ್ಮನಿಯ ಆಲ್ಫ್ರೆಡ್ ವಿಲ್ಮ್ ತಾಮ್ರ ಮೊದಲಾದವನ್ನು ಬೆರೆಸಿದ ಅಲ್ಯೂಮಿನಿಯಮ್ ಕಾಯಿಸಿ ತಣಿಸಿದ ಮೇಲೆ ದಿನ ಕಳೆದಂತೆ ಗಟ್ಟಿಯಾಗುವುದನ್ನು ಕಂಡುಹಿಡಿದರು. ಬಲ ಬಂದಿತು; ಅದರ ಹಿಂದೆಯೇ ಬಲಹೀನತೆಯೂ ಬಂದಿತು. ಉಪ್ಪುನೀರಿನಲ್ಲಿ ತಾಮ್ರದ ಅಂಶವೂ ಅಲ್ಯೂಮಿನಿಯಮೂ ಸೇರಿ ಸಣ್ಣ ವಿದ್ಯುತ್ಕೋಶಗಳಂತೆ ವರ್ತಿಸಿ ಲೋಹವನ್ನು ಒಳಗಿನಿಂದ ತಿನ್ನತೊಡಗುತ್ತವೆ.

ಇದಕ್ಕೆ ಎರಡು ಪರಿಹಾರಗಳು ದೊರೆತವು. 1923ರಲ್ಲಿ ಇಂಗ್ಲೆಂಡಿನ ಬೆಂಗೋ ಮತ್ತು ಸ್ಟುವರ್ಟ್ ಎಂಬವರು ಲೋಹವನ್ನು ಕ್ರೋಮಿಕ್ ಆಮ್ಲದಲ್ಲಿ ಮುಳುಗಿಸಿ, ವಿದ್ಯುತ್ತನ್ನು ಹಾಯಿಸಿ, ಅದರ ಸಹಜವಾದ ಪೊರೆಯನ್ನೇ ದಪ್ಪವಾಗಿ ಬೆಳೆಸಿದರು. ಆನೋಡೈಸಿಂಗ್ ಎಂಬ ಈ ವಿಧಾನ ಹುಟ್ಟಿದ್ದು ಕಡಲ ವಿಮಾನಗಳ ರಕ್ಷಣೆಗಾಗಿಯೇ ಎಂಬುದು ಗಮನಾರ್ಹ. 1927ರಲ್ಲಿ ಅಮೆರಿಕದವರು ಬಲವಾದ ಮಿಶ್ರಲೋಹದ ತಗಡಿಗೆ ಎರಡೂ ಮಗ್ಗುಲಲ್ಲಿ ಶುದ್ಧ ಅಲ್ಯೂಮಿನಿಯಮಿನ ಪದರವನ್ನು ಬೆಸೆದರು. ಅದರ ಹೆಸರು ಆಲ್‌ಕ್ಲಾಡ್. ಗೀರು ಬಿದ್ದರೂ ಮೇಲಿನ ಪದರವು ತಾನು ಸವೆದು ಒಳಗಿನದನ್ನು ಉಳಿಸುತ್ತದೆ.

ಸವೆತವನ್ನು ತಡೆಯುವುದಕ್ಕೆ ಮತ್ತೊಂದು ಉಪಾಯ ಬೇಕಾಯಿತು. ಗಂಧಕಾಮ್ಲವನ್ನು ನೀರು ಹೆಪ್ಪುಗಟ್ಟುವಷ್ಟು ತಣ್ಣಗಿಟ್ಟು ಬೆಳೆಸಿದ ಪೊರೆಯು ಮಿಲಿಮೀಟರಿನ ಇಪ್ಪತ್ತನೆಯ ಒಂದು ಪಾಲಿನಷ್ಟು ದಪ್ಪವಾಗಿ ಬಹು ಕಠಿಣವಾಗುತ್ತದೆ. ಮಾಣಿಕ್ಯವೂ ನೀಲವೂ ಇದೇ ಆಕ್ಸೈಡಿನ ಹರಳುಗಳೆಂದರೆ ಆಶ್ಚರ್ಯವೇನು? 1960ರ ದಶಕದಲ್ಲಿ ಅಮೆರಿಕದ ಸೈನಿಕರ ಕೈಗೆ ಬಂದ ಎಂ-16 ಬಂದೂಕಿನಲ್ಲಿ ನಳಿಗೆ ಉಕ್ಕಿನದಾದರೂ ಒಡಲು ಅಲ್ಯೂಮಿನಿಯಮಿನದು. ಅದನ್ನು ಕಾಯುವುದು ಇಂತಹ ಗಟ್ಟಿ ಪೊರೆಯೇ.

ಆದರೆ ಯಾವ ಕವಚವೂ ಶಾಶ್ವತವಲ್ಲ. ಅಂಚುಗಳಲ್ಲಿ, ಉಕ್ಕಿನ ಮೊಳೆ ಕೂರುವ ರಂಧ್ರಗಳಲ್ಲಿ ಪೊರೆ ಮೊದಲು ಸವೆಯುತ್ತದೆ. ಬೆತ್ತಲಾದ ಆ ಜಾಗದಲ್ಲಿ ಬೆವರಿನ ಉಪ್ಪೂ ಉಕ್ಕಿನ ಸಂಗವೂ ಕೂಡಿದರೆ ಬಿಳಿಯ ಪುಡಿ ಕಾಣಿಸಿಕೊಳ್ಳುತ್ತದೆ. ಉಕ್ಕಿನ ಭಾಗಗಳನ್ನು ಬಿಚ್ಚದೆ ಮತ್ತೆ ಆಮ್ಲಕ್ಕಿಳಿಸಿದರೆ ಉಕ್ಕೇ ಕರಗತೊಡಗುತ್ತದೆ. ಪೊರೆಯನ್ನು ಅತಿಯಾಗಿ ದಪ್ಪಮಾಡಿದರೂ ಕೇಡೇ. ಅದು ಗಟ್ಟಿ, ಆದರೆ ಬಿರುಸು. ಅದರಲ್ಲಿ ಮೂಡಿದ ಬಿರುಕು, ಮತ್ತೆ ಮತ್ತೆ ಭಾರ ಹೊರುವ ಭಾಗದ ಒಳಲೋಹಕ್ಕೂ ಇಳಿಯಬಹುದು. ಆದ್ದರಿಂದ ಸಿಹಿನೀರಿನಿಂದ ತೊಳೆಯುವುದು, ಸಂದುಗಳನ್ನು ಒಣಗಿಸುವುದು, ತೆಳ್ಳಗೆ ಎಣ್ಣೆ ಹಚ್ಚುವುದು, ಗೀರನ್ನು ಕಂಡೊಡನೆ ಬಣ್ಣದಿಂದ ಮುಚ್ಚುವುದು, ಈ ಸಾಮಾನ್ಯ ಕೆಲಸಗಳೇ ಕೊನೆಯ ರಕ್ಷೆ.

1961ರ ಜೂನ್ 17ರಂದು ಅದೇ ಕಾರ್ಖಾನೆಯ ಮಾರುತ್ ಎಂಬ ಯುದ್ಧವಿಮಾನ ಬೆಂಗಳೂರಿನ ಬಾನಿಗೇರಿತು. ಮಾರತ್ತಹಳ್ಳಿಗೆ ಅದರಿಂದಲೇ ಹೆಸರು ಬಂತೆನ್ನುವವರೂ ಇದ್ದಾರೆ. ಹಾರಿದ ವಿಮಾನದ ಹೆಸರು ಜನರ ಬಾಯಲ್ಲಿ ಉಳಿಯುತ್ತದೆ; ಅದರ ಸಂದುಗೊಂದುಗಳಲ್ಲಿ ದೀಪ ಹಿಡಿದು ಬಿಳಿಯ ಪುಡಿಯನ್ನು ಹುಡುಕಿದವನ ಹೆಸರು ಯಾರಿಗೂ ತಿಳಿಯದು. ಹಾರಿದವನು ಸುಖವಾಗಿ ಮರಳಿ ಇಳಿದುದರಲ್ಲಿ ಅವನ ಪಾಲೂ ಇದೆ.